ಹಿಂಗಾಲು ಓರೆಯಾದ ಕಾರು

ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವನೊಬ್ಬ ಕೂಗಿದ ಮಾತು ಪಂಕಜಳ ಕಿವಿಯಲ್ಲಿ ಮನೆ ಸೇರುವವರೆಗೂ ಗುಂಯ್‌ಗುಟ್ಟುತ್ತಿತ್ತು: “ಟೀಚರಮ್ಮಾ, ಕಾರು ಓಡಿಸ್ತಿದೀರೋ, ಏಡಿ ಮೇಯಿಸ್ತಿದೀರೋ?”

ಸುಳ್ಳೇನಲ್ಲ. ಅಪ್ಪ ಬಿಟ್ಟುಹೋದ, ಎರಡನೇ ಮಹಾಯುದ್ಧಕ್ಕೂ ಮುಂಚಿನ ಆ ಕಾರು ಮೂತಿ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಇಟ್ಟುಕೊಂಡು ಹೋಗುತ್ತಿತ್ತು. ಸ್ಟೀರಿಂಗನ್ನು ಒಂದೇ ಸಮನೆ ಎಳೆದು ಹಿಡಿದು ಅವಳ ರಟ್ಟೆ ಬಿದ್ದುಹೋಗಿತ್ತು. ಎರಡು ತಿಂಗಳ ಹಿಂದೆ ಹೀಗಿರಲಿಲ್ಲ. ಜಟಕಾದ ಮೆಟ್ಟಿಲಿನಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡ ಅಮ್ಮ ಜಗದಾಂಬಾಗೆ ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಕಾಲಿನ ಕಸರತ್ತು ಮಾಡಿಸಬೇಕಿತ್ತು. ಕಾರಿನ ಹಿಂದಿನ ಸೀಟಿಗೆ ಹತ್ತಲು ಅಷ್ಟು ಎತ್ತರಕ್ಕೆ ಕಾಲಿಡಲು ಆಕೆಗೆ ಆಗದೆಂದು ಪಂಕಜಾ ಕುರುಬರಹಳ್ಳಿಯ ಕೆಂಚಪ್ಪನಿಂದ ಹಿಂಭಾಗವನ್ನು ನಾಲ್ಕು ಬೆರಳು ತಗ್ಗಿಸಿದ್ದಳು. ಕೆಂಚಪ್ಪ ಎತ್ತಿನ ಬಂಡಿ ಕಟ್ಟುತ್ತಿದ್ದವನು. ರಾಜಾಜಿನಗರದಲ್ಲಿ ಮನೆಗಳು ಏಳುತ್ತಿದ್ದಂತೆ ಮೋಟಾರು ರಿಪೇರಿಗೂ ಕೈಹಾಕಿದ್ದ.

ಅಣ್ಣ ಜಗನ್ನಾಥ ಬಾಗಿಲಲ್ಲೇ ನಿಂತಿದ್ದ. “ಅಮ್ಮನ್ನ ಸಾಯಿಸ್ತೀಯಾ ಈ ಗಾಡೀಲಿ? ಭಾನುವಾರ ಜಂಬಣ್ಣೋರು ಗಾಡಿ ನೋಡೋಕೆ ಬರ್ತಾರೆ. ಅಷ್ಟರಲ್ಲಿ ನೆಟ್ಟಗೆ ಓಡಿದ್ರೆ ನೀನೇ ಇಟ್ಕೋ. ಇಲ್ದಿದ್ರೆ ಮಾರ್ಬಿಡ್ತೀನಿ.”

“ಆಸ್ಪತ್ರೆಗೆ ಅಮ್ಮ ಹೇಗೆ ಹೋಗ್ತಾಳೆ?”

“ಮನೇಲಿರ್ಲಿ. ವಯಸ್ಸಾದ ಮೇಲೆ ಎಲ್ರೂ ನಡೀಲೇಬೇಕು ಅಂತ ಏನಿದೆ?”

ಒಂದು ತಿಂಗಳು ತಪ್ಪಿಸಿದರೆ ಕಾಲು ಮರಗಟ್ಟಿ ಮತ್ತೆ ಮಡಚುವುದಿಲ್ಲ ಎಂದು ಡಾಕ್ಟರು ಇವನ ಮುಂದೆಯೇ ಹೇಳಿದ್ದರು. ಪಂಕಜಾ ಹಲ್ಲು ಕಚ್ಚಿದಳು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರವಾಗಿ ಕೆಂಚಪ್ಪನ ಕೊಟ್ಟಿಗೆಗೆ ಕಾರು ನುಗ್ಗಿಸಿದಳು.

“ಏನು ಮಾಡಿದೀರಿ ನನ್ನ ಗಾಡಿಗೆ?”

“ನಾನಾ?” ಕೆಂಚಪ್ಪನೂ ಸಿಡಿದ. “ನಲವತ್ತು ವರ್ಷ ಬಂಡಿ ಕಟ್ಟಿದೀನಿ. ಒಂದಾದ್ರೂ ಓರೆ ಹೋಗಿದ್ರೆ ಕೇಳಿ. ನಿಮ್ಮ ಕೈಯೇ ಓರೆ ಇರ್ಬೇಕು ಅಮ್ಮಾವ್ರೇ!”

“ಹಗ್ಗ ತನ್ನಿ. ಬಂಡಿ ಅಳೆಯೋ ಹಾಗೇ ಅಳೀರಿ. ನನ್ನ ಕಣ್ಣೆದುರಿಗೆ.”

ಮುಂಭಾಗದ ನಟ್ಟನಡುವೆ ಹಗ್ಗ ಬಿಗಿದು, ಹಿಂದಿನ ಎಡ ಚಕ್ರದ ನಡುವಿಗೆ ಎಳೆದು ಗಂಟು ಹಾಕಿದ. ಅದೇ ಹಗ್ಗವನ್ನು ಬಲಕ್ಕೆ ತಂದರೆ ಗಂಟು ಚಕ್ರದ ನಡುವಿಗಿಂತ ಒಂದು ಬೆರಳು ಮುಂಚೆಯೇ ನಿಂತುಬಿಟ್ಟಿತು. ಮತ್ತೆ ಎಳೆದ. ಮತ್ತೂ ಅಷ್ಟೇ.

“ನಲವತ್ತು ವರ್ಷ!” ಎಂದು ಒಳಗಿನಿಂದ ಅವನ ಹೆಂಡತಿ ಲಿಂಗಮ್ಮ ನಕ್ಕಳು.

ಕೆಂಚಪ್ಪ ಜಾಕಿ ಹಾಕಿ ಕೆಳಗೆ ತೂರಿದ. ಹಿಂದಿನ ಚಕ್ರಗಳ ಅಚ್ಚಿಗೂ ಅದರ ಕೆಳಗಿನ ಸ್ಪ್ರಿಂಗಿನ ಕಮಾನುಪಟ್ಟೆಗೂ ನಡುವೆ, ಹಿಂಭಾಗ ತಗ್ಗಿಸಲೆಂದು ಅವನೇ ಇಟ್ಟಿದ್ದ ಎರಡು ಜಾಲಿಮರದ ತುಂಡುಗಳನ್ನು ತೆಗೆದು ಅಂಗೈಯಲ್ಲಿ ಹಿಡಿದು ನೋಡಿದ. ಪ್ರತಿ ತುಂಡಿನ ಕೆಳಗೆ ಪಟ್ಟೆಯ ಬೋಲ್ಟು ಕೂರಲು ಒಂದು ಗುಳಿ, ಮೇಲೆ ಅಚ್ಚಿಗೆ ಸಿಕ್ಕಿಸಲು ಒಂದು ಗೂಟ. ಮರದ ಗಂಟು ತಪ್ಪಿಸಲು ಗೂಟವನ್ನು ಒಂದರಲ್ಲಿ ಮರದ ಬುಡದ ಕಡೆಗೆ, ಇನ್ನೊಂದರಲ್ಲಿ ತುದಿಯ ಕಡೆಗೆ ಅರ್ಧ ಬೆರಳು ಸರಿಸಿ ಹೊಡೆದಿದ್ದ.

“ಗೂಟ ಎರಡೂ ಒಂದೇ ಕಡೆಗೆ ಸರಿದಿದ್ರೆ ಪರವಾಗಿರ್ಲಿಲ್ಲ,” ಎಂದ, ದನಿ ಇಳಿಸಿ. “ಬಂಡಿ ಕೆಲಸದಲ್ಲಿ ಮರದ ಬುಡ ಯಾವಾಗ್ಲೂ ಮುಂದಕ್ಕಿರ್ಬೇಕು. ನಮ್ಮಪ್ಪ ಕಲಿಸಿದ್ದು. ಕೈ ತಾನಾಗೇ ಬುಡ ಹುಡುಕಿ ಮುಂದಕ್ಕಿಟ್ಬಿಡ್ತು. ಗೂಟ ನೋಡ್ಲೇ ಇಲ್ಲ. ಒಂದರದು ಮುಂದೆ ಬಂತು, ಒಂದರದು ಹಿಂದೆ ಹೋಯ್ತು. ಅಚ್ಚು ಓರೆ ಕೂತಿದೆ. ತಪ್ಪು ನಂದೇ ಅಮ್ಮಾವ್ರೇ.”

ತಪ್ಪೊಪ್ಪಿಗೆಯಿಂದ ಅಮ್ಮನ ಕಾಲು ಮಡಚುವುದಿಲ್ಲವಲ್ಲ. “ನಾನು ಇಲ್ಲೇ ಕೂತಿರ್ತೀನಿ. ಮಾಡಿ,” ಎಂದಳು ಪಂಕಜಾ. ಲಿಂಗಮ್ಮ ಬಂದು ಕಲ್ಲಿನ ಮೇಲೆ ಒಗೆದ ಗೋಣಿಚೀಲ ಹಾಸಿ, ಒಂದು ಲೋಟ ಮಜ್ಜಿಗೆ ಇಟ್ಟು, ಒಳಗೆ ಹೋದಳು.

ಕೆಂಚಪ್ಪ ಗಂಟಿಲ್ಲದ ಮರ ಹುಡುಕಿ ಹೊಸ ಜೋಡಿ ಕೆತ್ತಿದ. ಈ ಸಲ ಗೂಟ ಗುಳಿಯ ನೆತ್ತಿಗೇ ಬಂತು. ಸಂಜೆ ಹಗ್ಗ ಎರಡು ಚಕ್ರಕ್ಕೂ ಸರಿಸಮ ಮುಟ್ಟಿತು. ಆಮೇಲೆ ಅವನು, ಯಾರೂ ಕೇಳದೆಯೇ, ಕಾಲಿಡುವ ಹಲಗೆಗೆ ತೆಂಗಿನ ನಾರಿನ ಪಟ್ಟಿ ಹೊಡೆದ, ಮುದುಕಮ್ಮನ ಕಾಲು ಜಾರದಿರಲೆಂದು. ಪಂಕಜಾ ನೋಡಿದಳು. ಖಾಲಿ ಲೋಟವನ್ನು ಕಲ್ಲಿನ ಮೇಲಿಟ್ಟು ಸ್ಟೀರಿಂಗ್ ಹಿಡಿದಳು.

ಭಾನುವಾರ ದಿನಸಿ ಮಂಡಿಯ ಜಂಬಣ್ಣ ಬಂದರು. ಜಗನ್ನಾಥನೇ ಕಾರನ್ನು ಬೀದಿಯ ಕೊನೆಯವರೆಗೆ ಓಡಿಸಿ, ಸ್ಟೀರಿಂಗಿನಿಂದ ಕೈ ಬಿಟ್ಟು ತೋರಿಸಿ ವಾಪಸು ತಂದು ಇಳಿದ.

“ಬಾಣ ಬಿಟ್ಟ ಹಾಗೆ ಹೋಗುತ್ತೆ ಜಂಬಣ್ಣೋರೇ! ಇವತ್ತೇ ತಗೊಂಡ್ಹೋಗಿ.”

“ಅಣ್ಣಾ, ನೆಟ್ಟಗೆ ಓಡಿದ್ರೆ ನಂಗೆ ಅಂದಿದ್ದೆ.”

“ಅಯ್ಯೋ, ನೆಟ್ಟಗಾಗುತ್ತೆ ಅಂತ ಯಾರಿಗೇ ಗೊತ್ತಿತ್ತು?”

ಪಂಕಜಾ ಒಳಕ್ಕೆ ಬಗ್ಗಿ ಕೀ ಕಿತ್ತುಕೊಂಡಳು. “ಅಮ್ಮಾ, ಬಾ,” ಎಂದು ಹಿಂದಿನ ಬಾಗಿಲು ತೆಗೆದಳು. ಜಗದಾಂಬಾ ಕೋಲೂರಿ ಬಂದು, ನಾರಿನ ಪಟ್ಟಿಯ ಮೇಲೆ ಕಾಲಿಟ್ಟು, ಯಾರ ಕೈಯೂ ಹಿಡಿಯದೆ ಒಳಗೆ ಕೂತರು.

ಪಂಕಜಾ ಸ್ಟೀರಿಂಗ್ ಮುಂದೆ ಕೂರುವಷ್ಟರಲ್ಲಿ ಜಗನ್ನಾಥ ಕಾರಿನ ಮುಂದೆ ಬಂದು ನಿಂತ. “ಬಂದವರ ಮುಂದೆ ಮರ್ಯಾದೆ ಕಳೀಬೇಡ ಕಣೇ!”

“ಕೊಟ್ಟ ಮಾತಿನ ಜೊತೆ ಅದೂ ಹೋಯ್ತು. ಸರಿ ಆ ಕಡೆ!” ಎಂದು ಕೂಗಿ ಪಂಕಜಾ ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಜಂಬಣ್ಣನವರೇ ಅವನ ಮೊಳಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ಕರೆದರು. “ಬನ್ನಿ ಸಾರ್. ನಮ್ಮವ್ವನೂ ಹಿಂಗೇ ಕೋಲೂರ್ಕೊಂಡು ಓಡಾಡ್ತಾಳೆ. ನಂಗೆ ಈ ಗಾಡಿ ಬ್ಯಾಡ.”

ಕಾರು ಬೀದಿ ದಾಟಿತು. ಹಿಂದಿನ ಸೀಟಿನಿಂದ ಜಗದಾಂಬಾ ಕೇಳಿದರು: “ಇವತ್ತು ಆಸ್ಪತ್ರೆ ಇಲ್ವಲ್ಲೇ. ಎಲ್ಲಿಗೆ ಹೊರಟೆ?”

“ಎಲ್ಲಿಗಾದ್ರೂ. ಅಣ್ಣನ ಮುಖ ನೋಡಬಹುದು ಅನ್ನಿಸೋ ತನಕ ಸುತ್ತೋದು.”

ಜಗದಾಂಬಾ ಮುಂದಕ್ಕೆ ಬಾಗಿದರು.

“ಅಷ್ಟು ಪೆಟ್ರೋಲ್ ಇದೆಯೇನೇ?”