ಹಾಜರಾತಿ ಸೊನ್ನೆ

ಆಸ್ಪತ್ರೆಯ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಆ ಹೆಂಗಸಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಆನ್‌ಲೈನಿನಲ್ಲಿ ರಕ್ತಪರೀಕ್ಷೆಯ ಪಾಠ ಹಾಕಿದ್ದೇವೆ, ಯಾರು ಬೇಕಾದರೂ ಕಲಿಯಿರಿ, ಕೊನೆಗೆ ಬಂದು ಪ್ರಾಕ್ಟಿಕಲ್ ಪರೀಕ್ಷೆ ಕೊಡಿ ಎಂದು ಡಂಗುರ ಹೊಡೆದದ್ದು ಇದೇ ಕಾಲೇಜು. ಈಗ ಪರೀಕ್ಷೆಗೆ ಅರ್ಧ ಗಂಟೆ ಇರುವಾಗ ಆಫೀಸಿನ ಗುಮಾಸ್ತ ಅವಳ ಅರ್ಜಿಯನ್ನು ಕಿಟಕಿಯಿಂದ ಹಿಂದಕ್ಕೆ ತಳ್ಳುತ್ತಿದ್ದ.

“ಹಾಜರಾತಿ ಎಪ್ಪತ್ತೈದು ಪರ್ಸೆಂಟ್ ಇರ್ಬೇಕು ಕಣಮ್ಮ. ನಿಮ್ದು ಸೊನ್ನೆ.”

“ಅಲ್ಲ ಸಾರ್, ಫೋನಲ್ಲಿ ಪಾಠ ಕೇಳಿದೋಳಿಗೆ ಹಾಜರಿ ಕೂಗೋರು ಯಾರು?”

“ಅದೆಲ್ಲ ನಂಗೊತ್ತಿಲ್ಲ. ಫಾರಂನಲ್ಲಿ ಕಾಲಂ ಇದೆ.”

ಕಾಲಂ ಅಂತೆ ಕಾಲಂ! ಆರು ತಿಂಗಳು ಸಿಂಕಿನ ಪಕ್ಕ ಫೋನು ಒರಗಿಸಿ, ಸೋಪಿನ ಕೈಯಲ್ಲೇ ಮೂವತ್ತೆರಡು ಪಾಠ ಮುಗಿಸಿದವಳು ಅವಳು. “ಬಂದ್ಲಪ್ಪ ಡಾಕ್ಟ್ರಮ್ಮ” ಎಂದು ಕಿಚಾಯಿಸುತ್ತಲೇ ಅತ್ತೆ ಅಡುಗೆಮನೆ ನೋಡಿಕೊಂಡಿದ್ದರು. ಇವತ್ತು ಪಾಸಾದರೆ ಲ್ಯಾಬಿನ ಸಹಾಯಕಿಯ ಕೆಲಸ ಅವಳದು. ಇಲ್ಲದಿದ್ದರೆ ಸೋಮವಾರ ಬೇರೆ ಯಾರೋ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ.

“ಏನ್ರೀ ಅದು ಗಲಾಟೆ?”

ಮುಖ ನೋಡುವ ಮೊದಲೇ ದನಿ ಗುರುತು ಸಿಕ್ಕಿತು. ಪಾಠದ ಮೇಷ್ಟ್ರು! ಅವಳು ಕೈಮುಗಿದು ಎಲ್ಲ ಹೇಳಿದಳು. ಮೇಷ್ಟ್ರು ಗಡಿಯಾರ ನೋಡಿದರು.

“ಅಯ್ಯೋ ಪಾಪ. ಆದ್ರೆ ನನ್ ಕೈಲಿ ಏನಿದೆಯಮ್ಮ? ಪಾಠ ಮಾಡೋದಷ್ಟೆ ನಂದು.”

ಆಗ ಅವಳ ತಾಳ್ಮೆ ಪೂರ್ತಿ ಕೆಟ್ಟಿತು. ಮುಗಿದ ಕೈ ಕೆಳಗಿಳಿಯಿತು.

“ಅದನ್ನಾದ್ರೂ ನೆಟ್ಟಗೆ ಮಾಡಿದ್ರಾ? ಹನ್ನೊಂದನೇ ಪಾಠದಲ್ಲಿ, ಬಿಳಿ ರಕ್ತಕಣ ಎಣಿಸೋಕೆ ರಕ್ತ ಇನ್ನೂರು ಪಟ್ಟು ತೆಳು ಮಾಡಿ ಅಂದ್ರಿ. ಅದು ಕೆಂಪು ಕಣಕ್ಕೆ ಸಾರ್! ಬಿಳೀದಕ್ಕೆ ಇಪ್ಪತ್ತೇ. ಪಾಠದ ಕೆಳಗೆ ಮೂರು ಸಲ ಬರ್ದೆ. ಒಂದಕ್ಕಾದ್ರೂ ಉತ್ತರ ಕೊಟ್ರಾ? ತೊಂಬತ್ತು ಪರ್ಸೆಂಟ್ ಹಾಜರಿ ಇರೋ ನಿಮ್ಮ ಮಕ್ಕಳು ಒಬ್ರಾದ್ರೂ ಕೇಳಿದ್ರಾ?”

ಮೇಷ್ಟ್ರ ಮುಖ ಕೆಂಪಾಯಿತು. ಯಾರೂ ಕೇಳಿರಲಿಲ್ಲ. ಪ್ರಶ್ನೆಗಳನ್ನು ಓದುವುದು ತಮ್ಮ ಕೆಲಸವೆಂದು ಅವರಿಗೂ ಅನ್ನಿಸಿರಲಿಲ್ಲ. ಅವರು ಅರ್ಜಿ ಎಳೆದುಕೊಂಡು, ಹಾಜರಾತಿಯ ಕಾಲಮ್ಮಿನ ಕೆಂಪು ಸೊನ್ನೆಗೆ ಅಡ್ಡಗೆರೆ ಹೊಡೆದು ಸಹಿ ಹಾಕಿದರು.

“ಪ್ರಿನ್ಸಿಪಾಲ್ರು ಕೇಳಿದ್ರೆ?” ಗುಮಾಸ್ತ ತಡವರಿಸಿದ.

“ನನ್ ಹೆಸರು ಹೇಳಿ. ಒಳಗೆ ಬಾಮ್ಮ.”

ಅವಳು ಕದಲಲಿಲ್ಲ. ಗುಮಾಸ್ತನ ಮೊಣಕೈ ಕೆಳಗೆ ಇನ್ನಷ್ಟು ಅರ್ಜಿಗಳಿದ್ದವು. ಎಲ್ಲದರ ಮೇಲೂ ಅದೇ ಕೆಂಪು ಸೊನ್ನೆ.

“ಇವರೆಲ್ಲ ಎಲ್ಲಿ?”

“ಬೆಳಿಗ್ಗೆ ಬಂದಿದ್ರು. ವಾಪಸ್ ಕಳಿಸ್ದೆ. ಅರ್ಜಿ ಇಲ್ಲೇ ಬಿಟ್ಟು ಹೋದ್ರು.”

“ಎಷ್ಟು ಜನ?”

“ಒಂಬತ್ತು.”

ಒಂಬತ್ತು ಜನ! ಒಬ್ಬರೂ ಕೂಗಾಡಿರಲಿಲ್ಲ. ತಪ್ಪು ತಮ್ಮದೇ ಎಂದುಕೊಂಡು ತಲೆ ತಗ್ಗಿಸಿ ಹೋಗಿದ್ದರು. ಅವಳ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

“ಫೋನ್ ನಂಬರ್ ಇದೆಯಲ್ಲ, ಕರೀರಿ. ಅವರು ಬಂದ್ಮೇಲೇ ನಾನು ಒಳಗೆ ಬರೋದು.”

ಗುಮಾಸ್ತ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಬಾಗಿಲಿಗೆ ಅಂಟಿಸಿದ್ದ ಪರೀಕ್ಷೆಯ ಚೀಟಿಯಲ್ಲಿ ಹನ್ನೊಂದು ಗಂಟೆ ಎಂದಿದ್ದುದನ್ನು ಹೊಡೆದು ಎರಡು ಗಂಟೆ ಎಂದು ಬರೆದರು. ಅವಳು ಕಿಟಕಿಗೆ ಮೊಣಕೈ ಊರಿ, ಗುಮಾಸ್ತ ಮೊದಲನೆಯ ನಂಬರು ಒತ್ತುವವರೆಗೂ ಅವನ ಬೆರಳನ್ನೇ ನೋಡುತ್ತ ನಿಂತಳು.