ಕಡಲ ಕಡೆಯ ಪರದೆ

ರೆಸಾರ್ಟಿನ ಮ್ಯಾನೇಜರ್ ಕಪ್ಪು ಬಟ್ಟೆಯ ಸುರುಳಿಯನ್ನು ಹೊಲಿಗೆ ಯಂತ್ರದ ಪಕ್ಕಕ್ಕಿಟ್ಟು ದನಿ ತಗ್ಗಿಸಿದ.

"ಲೈಟ್‌ಹೌಸ್ ಮೇಲಿನ ರೂಮಿಗೆ ಪರದೆ ಬೇಕು. ಒಂದು ಚೂರೂ ಬೆಳಕು ಆಚೆ ಹೋಗಬಾರದು. ಸಮುದ್ರದ ಕಡೆ ಗಾಜಿಗೆ ಮಾತ್ರ."

ದರ್ಜಿ ಅಕ್ಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಳು. "ಸಮುದ್ರದ ಕಡೆಗಾ?"

"ಹೂಂ. ಯಾರ ಹತ್ರಾನೂ ಹೇಳೋದು ಬೇಡ."

ಅದು ಸರ್ಕಾರ ಕಟ್ಟಿಸಿದ ದೀಪಸ್ತಂಭವಲ್ಲ. ವಿಹಾರದ ದೋಣಿಗಳು ತಂಗುವ ಮರೀನಾದ ಕಲ್ಲುಗೋಡೆಯ ತುದಿಯಲ್ಲಿ ರೆಸಾರ್ಟಿನ ಧಣಿ ಸ್ವಂತ ಹುಮ್ಮಸ್ಸಿಗೆ ಎಬ್ಬಿಸಿದ್ದು. ಅತಿಥಿಗಳು ಅದರ ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ದೀಪವನ್ನು ಹೊತ್ತಿಸಿ ಕಡಲಿಗೆ ಕಾಣದಂತೆ ಮುಚ್ಚುವುದೆಂದರೆ ಏನರ್ಥ?

ಮಧ್ಯಾಹ್ನ ತಮ್ಮನ ಹೆಂಡತಿ ಬಂದಾಗ ಅಕ್ಕನ ಹೊಟ್ಟೆಯಲ್ಲಿ ಗುಟ್ಟು ನಿಲ್ಲಲಿಲ್ಲ.

"ಕಳ್ಳಸಾಗಣೆ ಅತ್ತಿಗೆ, ಇನ್ನೇನು?" ಎಂದಳು ಅವಳು. "ಪರದೆ ಎಳೆದರೆ 'ಬನ್ನಿ' ಅಂತ, ತೆಗೆದರೆ 'ಬೇಡ' ಅಂತ. ಆ ಮ್ಯಾನೇಜರ್ ಮುಖ ನೋಡಿದ್ದೀರಾ? ಕಳ್ಳನ ಮನಸ್ಸು ಹುಳ್ಳುಳ್ಳಗೆ."

"ನಿನ್ನ ಗಂಡನಿಗೆ ಹೇಳಬೇಡ. ಅವನಿಗೆ ಹೇಳಿದರೆ ಡಂಗುರ ಸಾರಿದ ಹಾಗೆ. ಮೊದಲು ನಾನು ಕಣ್ಣಾರೆ ನೋಡ್ತೀನಿ."

ಹೊಲಿಯುವಾಗಲೆಲ್ಲ ಅವಳ ಮನಸ್ಸು ಅಲ್ಲೇ ಸುತ್ತಿತು. ಧಣಿಯ ಬಿಳಿ ದೋಣಿ ಮೊನ್ನೆ ಹೊತ್ತಲ್ಲದ ಹೊತ್ತಿನಲ್ಲಿ ಬಂದಿದ್ದು, ಕಾವಲುಗಾರ ಬದಲಾಗಿದ್ದು, ಎಲ್ಲಕ್ಕೂ ಈಗ ಬೇರೆಯೇ ಬಣ್ಣ ಬಂತು.

ಪರದೆ ಸಿದ್ಧವಾದ ದಿನ ಇಳಿಹೊತ್ತಿನಲ್ಲಿ ಮ್ಯಾನೇಜರ್ ಅವಳನ್ನು ಸುತ್ತುಮೆಟ್ಟಿಲು ಹತ್ತಿಸಿ ಮೇಲಕ್ಕೆ ಕರೆದೊಯ್ದ. ನಡುವಿನ ಅಂತಸ್ತಿನಲ್ಲಿ ಟಾರ್ಪಾಲು ಹೊದಿಸಿದ ಗುಡ್ಡೆಯೊಂದಿತ್ತು. ಚಪ್ಪಲಿಯ ಪಟ್ಟಿ ಸರಿಪಡಿಸಿಕೊಳ್ಳುವವಳಂತೆ ಬಗ್ಗಿ ಅಕ್ಕ ಅದರ ಅಂಚನ್ನು ಎತ್ತಿದಳು. ಕಾಲು ಮುರಿದ ಕುರ್ಚಿಗಳು, ಬಣ್ಣದ ಡಬ್ಬಿಗಳು.

"ಏನು ಹುಡುಕ್ತಿದ್ದೀರಿ?" ಎಂದ ಮ್ಯಾನೇಜರ್ ಮೇಲಿನಿಂದ.

ಸಿಕ್ಕಿಬಿದ್ದ ಮೇಲೆ ನಾಚಿಕೆ ಏಕೆಂದು ಅವಳು ನೇರವಾಗಿಯೇ ಕೇಳಿದಳು. "ನೀವು ಬಚ್ಚಿಡ್ತಿರೋದನ್ನ. ದೀಪ ಯಾಕೆ ಮುಚ್ತಿದ್ದೀರಿ?"

ಅವನು ನಿಟ್ಟುಸಿರು ಬಿಟ್ಟ. "ಬಂದರು ಕಚೇರಿಯವರು ಆಕ್ಷೇಪಣೆ ತೆಗೆದಿದ್ದಾರೆ. ಖಾಸಗಿ ದೀಪ ಸಮುದ್ರಕ್ಕೆ ಕಾಣಬಾರದಂತೆ. ಭೂಶಿರದಲ್ಲಿರೋ ಅಸಲಿ ದೀಪ ಯಾವುದು, ಇದು ಯಾವುದು ಅಂತ ಹಡಗಿನವರಿಗೆ ಗೊಂದಲ ಆಗುತ್ತಂತೆ. ನಾಳೆ ನೋಡೋಕೆ ಬರ್ತಾರೆ. ಆರಿಸೋಕೆ ಧಣಿಗೆ ಮನಸ್ಸಿಲ್ಲ."

"ಅದಕ್ಕೆ ಇಷ್ಟೊಂದು ಗುಟ್ಟಾ?"

"ದೋಣಿಗಳಿಗೆ ದಾರಿ ತೋರಿಸೋ ದೀಪ ಅಂತ ಅತಿಥಿಗಳ ಮುಂದೆ ನಾವೇ ಕೊಚ್ಚಿಕೊಂಡಿದ್ದೀವಲ್ಲ. ಪರದೆ ಹಾಕಿದ ಲೈಟ್‌ಹೌಸ್ ಅಂದ್ರೆ ನಗಲ್ವಾ?"

ಅಕ್ಕನಿಗೂ ನಗು ಬಂತು. ಇಲಿ ಹಿಡಿಯಲು ಬೆಟ್ಟ ಅಗೆದಂತಾಯಿತು ಎಂದುಕೊಳ್ಳುತ್ತ ಸ್ಟೂಲು ಹತ್ತಿ ಮೊದಲ ಕೊಕ್ಕೆ ಸಿಕ್ಕಿಸಿದಳು. ಆಗ ಗಾಜಿನಾಚೆ ಕಣ್ಣು ಹೋಯಿತು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮುಳುಗುಬಂಡೆಯ ಮೇಲೆ ನೊರೆ ಏಳುತ್ತಿತ್ತು. ಅದರಾಚೆ ಬೆಳಿಗ್ಗೆ ಹೋದ ಮೀನುಗಾರರ ದೋಣಿಗಳು ಇನ್ನೂ ಚುಕ್ಕೆಗಳಾಗಿದ್ದವು. ತಮ್ಮ ಅವುಗಳಲ್ಲೊಂದರಲ್ಲಿದ್ದ. ಕತ್ತಲಾದರೆ ಅವರೆಲ್ಲ ಈ ದೀಪವನ್ನು ಬಲಕ್ಕಿಟ್ಟುಕೊಂಡೇ ಬಂಡೆ ತಪ್ಪಿಸುತ್ತಿದ್ದರು. ಅತಿಥಿಗಳಿಗೆ ಹೇಳಿದ ಬೊಗಳೆ ರೆಸಾರ್ಟಿನವರಿಗೇ ತಿಳಿಯದಂತೆ ನಿಜವಾಗಿತ್ತು.

ಅವಳು ಎರಡನೆಯ ಕೊಕ್ಕೆ ಸಿಕ್ಕಿಸದೆ ತಿರುಗಿದಳು. "ದೋಣಿಯವರಿಗೆ ಹೇಳಿದ್ದೀರಾ?"

"ಅವರಿಗೇನು ಸಂಬಂಧ?"

ಅವಳು ಹೇಳಿದಳು. ಅವನು ಗಾಜಿಗೆ ಹಣೆ ಒತ್ತಿ ನೋಡಿದ. "ಧಣಿಯನ್ನ ಕೇಳದೆ ನಾನು..." ಎಂದು ಫೋನು ತೆಗೆದ. ಧಣಿ ಎತ್ತಲಿಲ್ಲ. "ಹೇಳಿದ್ದು ಇವತ್ತೇ ಹಾಕು ಅಂತ."

"ಹಾಗಾದ್ರೆ ಇವತ್ತು ಪರದೆ ಇಲ್ಲ." ಅಕ್ಕ ಕೊಕ್ಕೆ ಬಿಡಿಸಿ, ಪರದೆಯನ್ನು ಮಡಚಿ ಕಂಕುಳಿಗೆ ಸೇರಿಸಿ, ಕೆಳಗಿಳಿದಳು.

ಆದರೆ ಅವನ ಮೇಲೆ ನಂಬಿಕೆ ಹುಟ್ಟಲಿಲ್ಲ. ಪರದೆ ಇಲ್ಲದಿದ್ದರೆ ಹಾಸಿಗೆಯ ಹೊದಿಕೆಯಾದರೂ ಆದೀತು, ಅಥವಾ ದೀಪವನ್ನೇ ಹಚ್ಚದೆ ಬಿಟ್ಟಾರು. ಮನೆಗೆ ಹೋಗದೆ ಕಲ್ಲುಗೋಡೆಯ ಮೇಲೆ ಕುಳಿತು ಆ ಗಾಜನ್ನೇ ನೋಡತೊಡಗಿದಳು. ಮಬ್ಬಾಯಿತು. ಗಾಜು ಕಪ್ಪಾಗಿಯೇ ಇತ್ತು. ಎದ್ದು ಕೂಗಬೇಕೆನ್ನುವಷ್ಟರಲ್ಲಿ ಬೆಳಕು ನೀರಿನ ಮೇಲೆ ಚೆಲ್ಲಿತು.

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಬಂದು ಪಕ್ಕದಲ್ಲಿ ನಿಂತ. ದೋಣಿಗಳು ಒಂದೊಂದಾಗಿ ಬಂಡೆ ಬಳಸಿ ಬರತೊಡಗಿದಾಗ ಮೆಲ್ಲಗೆ ಕೇಳಿದ, "ನಿಮ್ಮ ತಮ್ಮಂದು ಯಾವುದು?"

"ಇನ್ನೂ ಬಂದಿಲ್ಲ."

ಅವನೂ ಕುಳಿತ. ಕೊನೆಯ ದೋಣಿ ತಮ್ಮನದೇ ಆಗಿತ್ತು. ವಿಷಯ ಕೇಳಿ ಅವನು ಮ್ಯಾನೇಜರನತ್ತ ತಿರುಗಿ, "ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸ್ವಾಮಿ?" ಎಂದ.

ಮರುದಿನ ಬಂದರಿನ ಅಧಿಕಾರಿ ಬಂದಾಗ ದೋಣಿಯವರೆಲ್ಲ ಅಲ್ಲಿದ್ದರು. ಬಂಡೆಯ ಬಳಿ ಕಚೇರಿಯಿಂದಲೇ ತೇಲುದೀಪ ಕಟ್ಟಿಸಬೇಕು, ಅಲ್ಲಿಯವರೆಗೆ ಪರದೆ ಬೇಡ ಎಂದು ತೀರ್ಮಾನವಾಯಿತು. ಧಣಿ ಅಕ್ಕನಿಗೆ ಮತ್ತೆಂದೂ ಕೆಲಸ ಕೊಡಲಿಲ್ಲ. ಅವಳೂ ಕೇಳಲಿಲ್ಲ.

ತೇಲುದೀಪ ಬಂದ ಮೇಲೂ ತಮ್ಮ ಅದನ್ನು ನಂಬದೆ ಬಹಳ ದಿನ ಬೆಳಕಿರುವಾಗಲೇ ದಡ ಸೇರುತ್ತಿದ್ದ. ಸಿಗುವ ಮೀನು ಕಡಿಮೆಯಾದರೂ ಅವನ ಹೆಂಡತಿ ಇದನ್ನು ಯಾರ ಬಳಿಯೂ ದೂರಲಿಲ್ಲ.