ಬದನೆ ಬಣ್ಣದ ಬಾಣ

ಸುಭಾಷ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ತೇವ ಮಾಡಿಕೊಂಡು, ಗೋಡೆಯ ಚಾರ್ಟಿನ ಮೇಲೆ ಅಂಟಿಸಿದ್ದ ನೂಲಿನ ಎಳೆಯೊಂದನ್ನು ತಿಕ್ಕಿದ. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದ. ಬಣ್ಣ ಬಿಟ್ಟಿರಲಿಲ್ಲ.

“ಇದನ್ನ ಮಾಡಿದಾಕಿ ಯಾರ್ರಿ ಟೀಚರ?”

ವೈಶಾಲಿಗೆ ಹಿಗ್ಗಾಯಿತು. ವಿಜ್ಞಾನ ಪ್ರದರ್ಶನಕ್ಕೆ ಬಂದವರೆಲ್ಲ ಬೆಳಗಿನಿಂದ ಮಣ್ಣಿನ ಜ್ವಾಲಾಮುಖಿ ಹೊಗೆಯುಗುಳುವ ಮೇಜಿಗೇ ಮುತ್ತಿಕೊಂಡಿದ್ದರು. ಅವಳ ತರಗತಿಯ ಮಕ್ಕಳು ಮಾಡಿದ ಪರಿಸರದ ಚಾರ್ಟುಗಳ ಮುಂದೆ ನಿಂತು ನೋಡಿದವನು ಇವನೊಬ್ಬನೇ. ಅದೂ ಶಾಲೆಯ ಕಮಿಟಿಯ ಮೆಂಬರು. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನುಗಳೆಲ್ಲ ಅವನು ಕೊಡಿಸಿದವು.

“ನಮ್ಮ ಪೂರ್ಣಿಮಾರಿ. ಒಂಬತ್ತನೇ ಕ್ಲಾಸಿನಾಕಿ. ಒಂದೊಂದು ಬಾಣಾನೂ ನೂಲಿಲೇ ಹಚ್ಯಾಳ ನೋಡ್ರಿ.”

“ನೋಡಾಕತ್ತೇನಿ,” ಎಂದ ಸುಭಾಷ.

ಹಿಂದೆ ನಿಂತಿದ್ದ ಜವಳಿ ವ್ಯಾಪಾರಿಯೊಬ್ಬ ಕತ್ತು ಚಾಚಿ ನೋಡಿ, ಪಕ್ಕದವನ ಪಕ್ಕೆಗೆ ತಿವಿದ. “ಏ ಸುಭಾಷಣ್ಣಾ, ನಿನ್ನ ಶೆಡ್ಡಿಗೆ ಇನ್ನೂ ಬೋರ್ಡ ಇಲ್ಲ, ಸಾಲ್ಯಾಗ ಹಚ್ಯಾರಲ್ಲೋ ಮಾರಾಯಾ!”

ನಾಲ್ಕು ಜನ ನಕ್ಕರು. ಯಾಕೆಂದು ತಿಳಿಯದಿದ್ದರೂ ವೈಶಾಲಿಯೂ ನಕ್ಕಳು. ಉಳಿದದ್ದನ್ನೆಲ್ಲ ಮರೆತರೂ ಆ ನಗುವನ್ನು ಮರೆಯುವುದು ಅವಳಿಂದ ಮುಂದೆ ಆಗಲಿಲ್ಲ.

ಸಂಜೆ ಪ್ರದರ್ಶನದ ಬೆಂಚುಗಳನ್ನು ಒಳಗೆ ಸೇರಿಸಿದ ಮೇಲೆ ಹೆಡ್‌ಮಾಸ್ತರ ಕಾಶಪ್ಪ ಅವಳನ್ನು ಕೋಣೆಗೆ ಕರೆದರು. ಒಂದು ಒಳ್ಳೆಯ ಸುದ್ದಿ, ಒಂದು ಕೆಟ್ಟದ್ದು. ಪೂರ್ಣಿಮಾಳ ಚಾರ್ಟು ಬಾಗಲಕೋಟೆಯ ಜಿಲ್ಲಾ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು. ಪೂರ್ಣಿಮಾಳ ಅಪ್ಪ ರಾಮಣ್ಣನಿಗೆ ನಾಳೆಯಿಂದ ಬಣ್ಣದ ಶೆಡ್ಡಿನ ಕೆಲಸಕ್ಕೆ ಬರಬೇಡವೆಂದು ಸುಭಾಷ ಹೇಳಿ ಕಳಿಸಿದ್ದ.

“ಅದ್ಯಾಕ್ರಿ ಸರ? ಚಾರ್ಟಿನ್ಯಾಗ ಯಾರ ಹೆಸರೂ ಇಲ್ಲ. ಯಾರ ಹೆಸರೂ ಬರೀಬ್ಯಾಡ್ರಿ ಅಂತ ನಾನ ಹೇಳಿದ್ದೆ.”

ಕಾಶಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಲ್ರಿ ವೈಶಾಲಿ, ನೀವು ಮುಧೋಳದವ್ರು, ನಿಮಗ ಗೊತ್ತಿಲ್ಲ ಬಿಡ್ರಿ. ಈ ಊರಾಗ ಅಕ್ಷರ ಯಾರ ಓದತಾರ? ಎಳಿ ಓದತಾರ. ಬಿಸಲಿಗೆ ಹಿಡದ್ರ ಒಳಗಿಂದ ಕೆಂಪ ಇಣಕೋ ಬದನಿಕಾಯಿ ಬಣ್ಣ ಬನಹಟ್ಟ್ಯಾಗ ಒಬ್ಬಾವ ಹಾಕತಾನ. ರಾಮಣ್ಣ. ಎಲ್ಲಿ ಹಾಕತಾನ? ಸುಭಾಷನ ಶೆಡ್ಡಿನ್ಯಾಗ. ರಾಮಣ್ಣನ ಬದನಿ ಅಂತನ ಸೀರಿ ಹೋಗತಾವ. ಆ ಎಳೀನ ತಂದು ನೀವು ಚಾರ್ಟಿನ್ಯಾಗ ಹೊಲಸ ಹಳ್ಳಕ್ಕ ಬಿಟ್ರಿ.”

ವೈಶಾಲಿ ಹುಟ್ಟಿದ್ದು ಕುರಿ ಸಾಕುವವರ ಮನೆಯಲ್ಲಿ. ಬೀರೇಶ್ವರನ ಗುಡಿಯ ಮುಂದೆ ನಾಲ್ಕು ಹಿಂಡು ಕಲೆತು ನಿಂತರೂ ಅವಳ ಅಪ್ಪ ಲಗಮಣ್ಣ ಕಿವಿಗೆ ಹಾಕಿದ ಗುರುತಿನ ಕಚ್ಚು ನೋಡಿ ಇದು ಇಂಥವರ ಕುರಿ ಎಂದು ಕೈ ಹಾಕುತ್ತಿದ್ದ. ಅಂಥ ಮನೆಯ ಹುಡುಗಿಗೆ ಇದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ಅವಳಿಗೆ ಕಂಡದ್ದು ಚೆಂದದ ಬಣ್ಣವಷ್ಟೆ.

ಎಲ್ಲ ಶುರುವಾದದ್ದು ಜಮಖಂಡಿಯ ತರಬೇತಿಯಿಂದ. ಪರಿಸರದ ಪಾಠವನ್ನು ಬಾಯಿಪಾಠ ಮಾಡಿಸಬೇಡಿ, ಚಿತ್ರನಕ್ಷೆಯಲ್ಲಿ ಹರಡಿ ತೋರಿಸಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಒಂದರೊಳಗೊಂದು ಹಾಯುವ ಎರಡು ಉಂಗುರ, ಕವಲೊಡೆದ ಮರ, ಮೀನಿನ ಮುಳ್ಳು. ವೈಶಾಲಿ ಅದನ್ನೆಲ್ಲ ಹೊಸ ಒಡವೆಯ ಹಾಗೆ ಹೊತ್ತುಕೊಂಡು ಬಂದಳು. ಅಲ್ಲಿಯವರೆಗೆ ‘ಜಲಮಾಲಿನ್ಯದ ಕಾರಣಗಳಾವುವು’ ಎಂದರೆ ಇಡೀ ತರಗತಿ ಒಂದೇ ರಾಗದಲ್ಲಿ ಒಪ್ಪಿಸುತ್ತಿತ್ತು. ‘ಹಂಗಾರ ನಮ್ಮ ಹಳ್ಳ ಯಾಕ ಹಿಂಗೈತಿ’ ಎಂದರೆ ತಲೆ ತಗ್ಗಿಸುತ್ತಿತ್ತು. ಹಳ್ಳ ಪುಸ್ತಕದಲ್ಲಿರಲಿಲ್ಲ.

ಅವಳು ಕರಿಹಲಗೆಯ ಮೇಲೆ ದೊಡ್ಡದೊಂದು ಮೀನಿನ ಎಲುಬು ಬರೆದಳು. ತಲೆಯಲ್ಲಿ ತೊಂದರೆ, ಪಕ್ಕದ ಒಂದೊಂದು ಮುಳ್ಳಿನಲ್ಲಿ ಒಂದೊಂದು ಕಾರಣ.

“ಟೀಚರ್, ನಾವು ಮೀನ ತಿನ್ನಂಗಿಲ್ರಿ. ಮುಳ್ಳ ಹೆಂಗಿರತಾವಂತ ನಮಗೇನ ಗೊತ್ತು?” ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು.

“ತಿನ್ನಾಕ ಯಾರ ಕೊಟ್ರೋ ನಿನಗ? ಬಾಚಣಿಕಿ ಅಂತ ತಿಳ್ಕೊಂಡ ಬರಿ.”

ತರಗತಿ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಅದು ಬಾಚಣಿಕೆ ನಕ್ಷೆಯೇ ಆಯಿತು. ನೇಕಾರರ ಓಣಿಯ ಮಕ್ಕಳಿಗೆ ಅದು ಎಷ್ಟು ಬೇಗ ಕೈಗೆ ಹತ್ತಿತೆಂದರೆ ವೈಶಾಲಿಗೇ ಆಶ್ಚರ್ಯ. ಯಾವ ಎಳೆ ಎಲ್ಲಿಂದ ಹೊರಟು ಎಲ್ಲಿ ಸೇರಬೇಕು ಎಂಬುದನ್ನು ನೋಡುತ್ತಲೇ ಬೆಳೆದ ಮಕ್ಕಳು ಅವು. ಪಾತ್ರೆ ತೊಳೆದ ನೀರು, ದನ ಮೈತೊಳೆದ ನೀರು, ಹೊಲದ ಗೊಬ್ಬರ, ಗಟಾರ, ಎಲ್ಲವೂ ತಮ್ಮ ತಮ್ಮ ಮುಳ್ಳು ಹಿಡಿದು ಕುಳಿತವು. ನೂಲಿಗೆ ಬಣ್ಣ ಹಾಕುವ ಶೆಡ್ಡಿನ ಮಾತು ಬಂದಾಗ ಮಾತ್ರ ಅವಳೇ ಹಿಂಜರಿದಳು. ಅವಳು ಅತಿಥಿ ಶಿಕ್ಷಕಿ. ವರ್ಷವರ್ಷವೂ ಶಾಲೆಯವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಮನೆ. “ಹೆಸರ ಬರೀಬ್ಯಾಡ್ರಿ. ಬರೇ ‘ಶೆಡ್ಡು’ ಅಂತ ಬರೀರಿ ಸಾಕು,” ಎಂದಿದ್ದಳು. ಜಾಣತನದ ಮಾತಾಡಿದೆ ಎಂದೂ ಅಂದುಕೊಂಡಿದ್ದಳು.

ಪೂರ್ಣಿಮಾ ಮಾತು ಕಡಿಮೆಯ ಹುಡುಗಿ. ಪೆನ್ನಿನಿಂದ ಗೆರೆ ಎಳೆಯುವ ಬದಲು ಮನೆಯಿಂದ ನೂಲು ತಂದು ಅಂಟಿಸಿದಳು. ಅಷ್ಟೇ ಅಲ್ಲ, ಮೀನಿನ ತಲೆಯಲ್ಲಿ, ಅಂದರೆ ಹಳ್ಳದಲ್ಲಿ, ಮುಗಿಯಬೇಕಿದ್ದ ಚಿತ್ರವನ್ನು ಅವಳು ಮುಗಿಸಿರಲಿಲ್ಲ. ಅದೇ ಬದನೆ ಬಣ್ಣದ ಎಳೆಯನ್ನು ತಲೆಯಿಂದ ಮತ್ತೆ ಹೊರಡಿಸಿ, ಚಾರ್ಟಿನ ಅಂಚು ಬಳಸಿ, ಹಿಂದಕ್ಕೆ ತಂದು, ಶೆಡ್ಡಿನ ಪಕ್ಕದ ಒಂದು ಅಂಗೈಯಲ್ಲಿ ನಿಲ್ಲಿಸಿದ್ದಳು. ಬಿರುಕು ಬಿಟ್ಟ ಅಂಗೈ.

“ಮೀನಿನ ಮುಳ್ಳಿನ್ಯಾಗ ಹಿಂದಕ್ಕ ಬರೂ ಬಾಣ ಇರೂದಿಲ್ಲ ಪೂರ್ಣಿಮಾ,” ಎಂದಿದ್ದಳು ವೈಶಾಲಿ.

“ಇದರಾಗ ಐತ್ರಿ,” ಎಂದಿದ್ದಳು ಹುಡುಗಿ.

ವೈಶಾಲಿಗೆ ಆ ಉತ್ತರ ಬಹಳ ಹಿಡಿಸಿತ್ತು. ಪೂರ್ತಿ ಅಂಕ ಕೊಟ್ಟಿದ್ದಳು.

ಪ್ರದರ್ಶನ ಮುಗಿದ ಮರುದಿನದಿಂದ ಪೂರ್ಣಿಮಾ ಶಾಲೆಗೆ ಬರಲಿಲ್ಲ. ಅವ್ವನ ಜೊತೆ ಮಗ್ಗದ ಲಾಳಿಗೆ ಹಾಕುವ ಕಂಡಿಕಿಗೆ ನೂಲು ಸುತ್ತುತ್ತ ಕೂತಿದ್ದಾಳೆಂದು ಓಣಿಯ ಮಕ್ಕಳು ಹೇಳಿದವು. ಬೇರೆ ಶೆಡ್ಡಿನವರೂ ರಾಮಣ್ಣನನ್ನು ಕರೆಯಲಿಲ್ಲ. ಅವನ ಕೈಗುಣ ಬೇಕಿತ್ತು, ಅವನ ಮಗಳ ಬಾಣ ಯಾರಿಗೂ ಬೇಡವಾಗಿತ್ತು. ವೈಶಾಲಿ ದಿನಾ ಮುಧೋಳದಿಂದ ಬಸ್ಸು ಹತ್ತಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮಹಾಲಿಂಗಪುರ ದಾಟಿ ಬಂದು ಹಾಜರಿ ಕೂಗುವಾಗ, ಆ ಹೆಸರಿನ ಹತ್ತಿರ ಬಂದೊಡನೆ ದನಿ ತನ್ನಷ್ಟಕ್ಕೆ ಸಣ್ಣಗಾಗುತ್ತಿತ್ತು. ಕರಿಹಲಗೆಯ ಮೇಲೆ ಚಿತ್ರ ಬಿಡಿಸುವುದನ್ನು ಅವಳು ಬಿಟ್ಟಳು. ಮಕ್ಕಳು ಮತ್ತೆ ರಾಗದಲ್ಲಿ ಒಪ್ಪಿಸತೊಡಗಿದವು. ಯಾರೂ ಯಾಕೆಂದು ಕೇಳಲಿಲ್ಲ. ಅದೇ ಅವಳಿಗೆ ಹೆಚ್ಚು ಅಂಜಿಕೆ ತರಿಸಿದ್ದು.

ಬಾಗಲಕೋಟೆಗೆ ಹೋಗುವ ದಿನ ಹತ್ತಿರ ಬಂದಾಗ ಕಾಶಪ್ಪ ಒಂದು ದಾರಿ ಹುಡುಕಿದರು.

“ಸುಭಾಷನ ಕೂಡ ಮಾತಾಡೇನಿ. ಬಣ್ಣದ ಎಳಿ ಅಷ್ಟೂ ಕಿತ್ತು ಕರೀ ದಾರ ಹಚ್ರಿ. ಕರೀ ದಾರ ಎಲ್ಲಾರ ಮನ್ಯಾಗೂ ಇರತೈತಿ, ಅದು ಯಾರದೂ ಅಲ್ಲ. ಚಾರ್ಟು ಬಾಗಲಕೋಟಿಗೆ ಹೋಗಲಿ, ಹುಡುಗಿ ಸಾಲಿಗೆ ಬರಲಿ, ರಾಮಣ್ಣ ಸೋಮವಾರದಿಂದ ಕೆಲಸಕ್ಕ ಹೋಗಲಿ. ಆದ್ರ ಒಂದ ಮಾತು. ಹುಡುಗಿನ ತನ್ನ ಕೈಯಾರೆ ಕೀಳಬೇಕಂತ. ಆ ಬದನಿ ಎಳಿ ತಂದು ಸುಭಾಷನ ಕೈಯಾಗ ಕೊಡಬೇಕಂತ.”

“ಎಳಿ ತಗೊಂಡ ಅವ್ರೇನ ಮಾಡತಾರ್ರಿ?”

“ಏನ ಮಾಡತಾನ? ಏನೂ ಇಲ್ಲ. ತಗೋತಾನ ಅಷ್ಟ.” ಕಾಶಪ್ಪ ಅವಳ ಮುಖ ನೋಡಲಿಲ್ಲ. “ನಿಮ್ಮದೂ ಮುಂದಿನ ವರ್ಷದ ನೌಕರಿ ಮಾತು ಐತ್ರಿ. ನನಗೇನು, ಹೇಳೂದು ಹೇಳೇನಿ.”

ಶಾಲೆ ಬಿಟ್ಟ ಮೇಲೆ ವೈಶಾಲಿ ಚಾರ್ಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯಲ್ಲಿ ಒಂದು ಕರಿ ದಾರದ ಉಂಡೆ ಕೊಂಡು, ನೇಕಾರರ ಓಣಿಗೆ ನಡೆದಳು. ಎರಡೂ ಬದಿಯ ಮನೆಗಳಿಂದ ಮಗ್ಗಗಳ ಸದ್ದು. ಆ ಸದ್ದಿನಲ್ಲಿ ಯಾರು ಏನು ಬೈದರೂ ಕೇಳಿಸುವುದಿಲ್ಲ ಎಂಬುದೊಂದು ಸಮಾಧಾನ. ಹಳ್ಳದ ಮೇಲಿನ ಕಿರುಸೇತುವೆ ದಾಟುವಾಗ ಅವಳು ಕೆಳಗೆ ನೋಡಲಿಲ್ಲ.

ರಾಮಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಒಮ್ಮೆ ಮುಂದೆ, ಒಮ್ಮೆ ಹಿಂದೆ ಮಾಡಿದ.

“ಬರ್ರಿ ಅಕ್ಕೋರ,” ಎಂದು ಒಳಗಿನಿಂದ ಅವನ ಹೆಂಡತಿ ಭಾಗವ್ವ ಚಾಪೆ ತಂದು ಹಾಸಿದಳು. “ಚಾ ಮಾಡ್ಲ್ಯಾ? ಬ್ಯಾಡ ಅನಬ್ಯಾಡ್ರಿ.”

ಗೋಡೆಯ ಬದಿಗೆ ಪೂರ್ಣಿಮಾ ರಾಟೆ ತಿರುಗಿಸುತ್ತಿದ್ದಳು. ಎದ್ದು ನಮಸ್ಕಾರ ಮಾಡಿ ಮತ್ತೆ ಕೂತಳು. ಕಂಡಿಕಿಯ ಮೇಲೆ ಬಿಳಿ ನೂಲು ಸುತ್ತುತ್ತಲೇ ಇತ್ತು.

“ಕೈಯಾಗಿನ ಬಣ್ಣ ಹೋಗಾಕತ್ತೈತ್ರಿ,” ಎಂದ ರಾಮಣ್ಣ, ರೋಗದ ಸುದ್ದಿ ಹೇಳುವವನ ದನಿಯಲ್ಲಿ. ಬೆರಳು ಚಾಚಿ ತೋರಿಸಿದ. ಮಣಿಕಟ್ಟಿನವರೆಗೂ ಬದನೆ ಬಣ್ಣ ಕುಡಿದ ಕೈ. ಉಗುರುಗಳ ಬುಡದಲ್ಲಿ ಮಾತ್ರ ತೆಳ್ಳಗೆ ಬಿಳಿ ಮೂಡಿತ್ತು. “ನನ್ನ ಉಗುರ ಹಿಂಗಿರತಾವಂತ ನನಗ ಮರತ ಹೋಗಿತ್ತು.”

ವೈಶಾಲಿ ಬಂದ ಕಾರಣ ಹೇಳಿದಳು. ಹೇಳುವಾಗ ಎಲ್ಲವೂ ಬಹಳ ಸರಳವಾಗಿ ಕೇಳಿಸಿತು. ಭಾಗವ್ವ ಎರಡೂ ಕೈ ಎತ್ತಿ ಮನೆದೇವರು ಮಲ್ಲಯ್ಯನಿಗೆ ಮುಗಿದಳು. “ಅಷ್ಟನಾ? ನಾ ಏನೇನೋ ತಿಳಕೊಂಡಿದ್ದೆ. ಏಳ ಪೂರ್ಣಿ, ಕತ್ರಿ ತಗೊಂಡ ಬಾ. ಏಳ ನಮ್ಮವ್ವಾ.”

ರಾಟೆ ನಿಂತಿತು. ಪೂರ್ಣಿಮಾ ಏಳಲಿಲ್ಲ.

ವೈಶಾಲಿ ಚಾರ್ಟನ್ನು ನೆಲದ ಮೇಲೆ ಬಿಚ್ಚಿ, ಹಾರದಂತೆ ನಾಲ್ಕು ಮೂಲೆಗೆ ಕಂಡಿಕಿ ಇಟ್ಟಳು. ಬಾಗಿಲಿನಿಂದ ಬಂದ ಇಳಿಬಿಸಿಲು ಅದರ ಮೇಲೆ ಬಿದ್ದು, ಬದನೆ ಬಣ್ಣದ ಎಳೆಯ ಒಳಗಿನಿಂದ ಕೆಂಪು ಎದ್ದು ನಿಂತಿತು. ಇಷ್ಟು ಸ್ಪಷ್ಟವಾದದ್ದು ತನಗೆ ಹೇಗೆ ಕಾಣಲಿಲ್ಲ ಎಂದುಕೊಂಡಳು.

“ನಿನಗ ಗೊತ್ತಿತ್ತೇನು, ಎಳಿ ನೋಡಿದ ಕೂಡ್ಲೆ ಗುರ್ತ ಹಿಡೀತಾರಂತ?”

“ಬನಹಟ್ಟ್ಯಾಗ ಯಾರಿಗ ಗೊತ್ತಿಲ್ರಿ?”

“ಮತ್ತ ಯಾಕ ಹಚ್ಚಿದಿ?”

“ಹೆಸರ ಬರೀಬ್ಯಾಡ್ರಿ ಅಂದಿದ್ರಿ. ಬರೀಲಿಲ್ಲ.”

ಭಾಗವ್ವ ಹಣೆ ಬಡಿದುಕೊಂಡಳು. “ನೋಡ್ರಿ ಅಕ್ಕೋರ, ಹೆಂಗ ಮಾತಾಡತಾಳ! ನಿಮ್ಮ ಮುಂದ ಇಷ್ಟು, ನನ್ನ ಮುಂದ ಅದೂ ಇಲ್ಲ. ಮನ್ಯಾಗ ಒಲಿ ಹತ್ತಬೇಕೋ ಬ್ಯಾಡೋ?”

ರಾಮಣ್ಣ ಒಳಗೆ ಬಂದು ಚಾರ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಪ್ರದರ್ಶನದ ದಿನ ಅವನು ಕೆಲಸದಲ್ಲಿದ್ದ. ತನ್ನ ಕೆಲಸ ಕಳೆದ ಚಿತ್ರವನ್ನು ಇವತ್ತೇ ಮೊದಲು ನೋಡುತ್ತಿದ್ದ. ಶೆಡ್ಡಿನಿಂದ ಹೊರಟ ಎಳೆಯ ಮೇಲೆ ಬೆರಳಾಡಿಸುತ್ತ ಹೋದ. ಹಳ್ಳ. ಅಲ್ಲಿಂದ ಅಂಚು. ಅಂಚಿನಿಂದ ಹಿಂದಕ್ಕೆ. ಎಳೆ ಮುಗಿದಲ್ಲಿ ಬೆರಳು ನಿಂತಿತು.

“ಇದು ನಂದ ಕೈಯೇನ?”

ರಾಮಣ್ಣ ತನ್ನ ಅಂಗೈಯನ್ನು ಕಾಗದದ ಅಂಗೈಯ ಪಕ್ಕ ಊರಿ ಇಟ್ಟ. ಎರಡರ ಬಿರುಕುಗಳನ್ನೂ ಒಂದೊಂದಾಗಿ ಹೋಲಿಸುವವನ ಹಾಗೆ ಬಹಳ ಹೊತ್ತು ನೋಡಿದ. ಕಾಗದದ ಕೈಯಲ್ಲಿ ಹೆಬ್ಬೆರಳ ಬುಡದ ಒಂದು ಕಡಿಮೆಯಿತ್ತು. ಚಿತ್ರ ಬರೆದ ಮೇಲೆ ಆದ ಬಿರುಕು ಇರಬೇಕು.

“ಛಲೋ ತಗದೀ,” ಎಂದ. ಆಮೇಲೆ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಮಗಳ ಕಡೆ ತಿರುಗದೆ, “ಕರೀದ ಹಚ್ಚವಾ. ಏನಾಗತೈತಿ. ನನಗ ಬ್ಯಾರೆ ಕೆಲಸ ಬರಂಗಿಲ್ಲ,” ಎಂದ.

ಮಗ್ಗಗಳ ಸದ್ದು ಮನೆಯೊಳಗೆ ತುಂಬಿಕೊಂಡಿತು. ಒಲೆಯ ಮೇಲೆ ಚಹಾ ಉಕ್ಕಿತು. ಭಾಗವ್ವ ಓಡಿ ಹೋಗಿ ಇಳಿಸಲಿಲ್ಲ.

ವೈಶಾಲಿಗೆ ಬಸ್ಸಿನ ನೆನಪಾಯಿತು. ಹಾಗೆ ನೆನಪಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಬ್ಯಾಗಿನಿಂದ ಕರಿ ದಾರದ ಉಂಡೆ ತೆಗೆದಳು. “ಹಿಂಗ ಮಾಡೂಣು. ಎಳಿ ನಾ ಕೀಳತೇನಿ. ಕರೀದೂ ನಾನ ಹಚ್ಚತೇನಿ. ನೀ ಏನೂ ಮಾಡಬ್ಯಾಡ. ಬರೇ ನನ್ನ ಕೂಡ ಬಂದು ಅದನ್ನ ಅವ್ರ ಕೈಯಾಗ ಕೊಡು. ನೀನ ಕಿತ್ತಿ ಅಂತ ನಾ ಹೇಳತೇನಿ. ಬಾಣ ಹಂಗ ಇರತಾವ ಪೂರ್ಣಿಮಾ. ಬಣ್ಣ ಅಷ್ಟ ಬ್ಯಾರೆ.”

“ಅಪ್ಪನ ಕೈ ಕರ್ರಗಿಲ್ರಿ,” ಎಂದಳು ಹುಡುಗಿ.

“ಇಲ್ಲ. ನನಗ ಗೊತ್ತೈತಿ.” ವೈಶಾಲಿ ಉಂಡೆಯನ್ನು ಚಾರ್ಟಿನ ಮೇಲಿನಿಂದ ಅವಳತ್ತ ಚಾಚಿದಳು. “ಸೋಮವಾರ ಅಪ್ಪ ಕೆಲಸಕ್ಕ ಹೋಗತಾನ. ನೀ ಸಾಲಿಗೆ ಬರತಿ. ತಗೋ.”

ಪೂರ್ಣಿಮಾ ಉಂಡೆ ನೋಡಿದಳು. ಅಪ್ಪನ ಬೆನ್ನು ನೋಡಿದಳು. ರಾಟೆಯ ಹಿಡಿಕೆಗೆ ಕೈ ಹಾಕಿದಳು.

“ಒಲ್ಲೆ.”